ಗೇಟು ದೊಡ್ಡದು, ದಿಡ್ಡಿ ಬಾಗಿಲು ಎಲ್ಲಿ?

2022ರ ಅಕ್ಟೋಬರ್ 10. ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣದೊಳಗೆ ಸ್ನಾತಕೋತ್ತರ ವಿದ್ಯಾರ್ಥಿನಿಯೊಬ್ಬಳು ಬಸ್ಸಿನ ಚಕ್ರಕ್ಕೆ ಸಿಕ್ಕಳು. ಕೆಲವು ದಿನ ಆಸ್ಪತ್ರೆಯಲ್ಲಿದ್ದು ತೀರಿಕೊಂಡಳು. ಹೆದ್ದಾರಿಯಲ್ಲಲ್ಲ, ಸಿಗ್ನಲ್ಲಿನಲ್ಲಲ್ಲ, ತಾನು ಓದುತ್ತಿದ್ದ ಕ್ಯಾಂಪಸ್ಸಿನ ಒಳಗೆ. ಅವಳ ಜೊತೆಯವರು ರಸ್ತೆಯಲ್ಲೇ ಕೂತರು. ಹೊರಗಿನ ವಾಹನಗಳನ್ನು ಒಳಗೆ ಬಿಡಬೇಡಿ ಅನ್ನೋದು ಅವರ ಕೂಗು.

ನಾವೂ ಚರ್ಚೆ ಮಾಡಿದೆವು. ಮಾಡದೇ ಇರ್ತೀವಾ? ಪರದೆಯ ಕೆಳಗೆ ದಪ್ಪಕ್ಷರದಲ್ಲಿ ಹಾಕಿದ್ದು, ‘ಕ್ಯಾಂಪಸ್ ರಸ್ತೆ ಬಂದ್ ಆಗಬೇಕೇ? ಬೇಡವೇ?’ ಒಂದು ಕಿಟಕಿಯಲ್ಲಿ ವಿದ್ಯಾರ್ಥಿ, ಇನ್ನೊಂದರಲ್ಲಿ ಅಕ್ಕಪಕ್ಕದ ಬಡಾವಣೆಯ ಹಿರಿಯರೊಬ್ಬರು. ಹುಡುಗ ಹೇಳಿದ, "ಸಾರ್, ಹಾಸ್ಟೆಲ್‌ನಿಂದ ಲೈಬ್ರರಿಗೆ ಹೋಗೋಕೆ ನಾವು ಜೀವ ಕೈಲಿ ಹಿಡ್ಕೊಂಡು ರಸ್ತೆ ದಾಟ್ತೀವಿ." ಹಿರಿಯರು ಸಿಡಿದರು, "ನಾವೇನ್ ಸ್ವಾಮಿ ಆಕಾಶದಲ್ಲಿ ಹಾರ್ಕೊಂಡು ಹೋಗೋದಾ? ಇಪ್ಪತ್ತು ವರ್ಷದಿಂದ ಓಡಾಡ್ತಿರೋ ದಾರಿ ಇದು." ಇಬ್ಬರದೂ ಸತ್ಯವೇ. ನಲವತ್ತು ನಿಮಿಷ ಕೂಗಾಟ ಆಯ್ತು, ಜಾಹೀರಾತು ಬಂತು, ಕಾರ್ಯಕ್ರಮ ಮುಗೀತು.

ಮನೆಗೆ ಹೋಗುವಾಗ ಕಾರಿನಲ್ಲಿ ಕೂತು ಯೋಚಿಸಿದೆ. ನಾನು ಕೇಳಿದ ಪ್ರಶ್ನೆಯೇ ತಪ್ಪಾಗಿತ್ತು. ಗೇಟು ತೆಗೆಯಬೇಕಾ ಮುಚ್ಚಬೇಕಾ ಅಂತ ಕೇಳಿದೆ. ಯಾರಿಗೆ ತೆಗೆಯಬೇಕು, ಯಾವುದಕ್ಕೆ ಮುಚ್ಚಬೇಕು ಅಂತ ಕೇಳಲಿಲ್ಲ. ಆವತ್ತು ಕೇಳದೇ ಬಿಟ್ಟದ್ದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ಮೊದಲು ಈ ಪರಿಸ್ಥಿತಿ ಹೇಗೆ ಬಂತು ಅನ್ನೋದನ್ನು ನೋಡಿ. ಬೆಂಗಳೂರು ವಿಶ್ವವಿದ್ಯಾಲಯ ಹುಟ್ಟಿದ್ದು 1964ರಲ್ಲಿ, ಊರ ನಡುವಿನ ಸೆಂಟ್ರಲ್ ಕಾಲೇಜಿನಲ್ಲಿ. ಎಚ್. ನರಸಿಂಹಯ್ಯನವರು ಕುಲಪತಿಯಾಗಿದ್ದ ಎಪ್ಪತ್ತರ ದಶಕದಲ್ಲಿ ಅದು ಮೈಸೂರು ರಸ್ತೆಯ ಜ್ಞಾನಭಾರತಿಗೆ ಬಂತು. ಸುಮಾರು 1,100 ಎಕರೆ. ಆಗ ಅದು ಊರಾಚೆ. ಸುತ್ತ ಹೊಲ, ಹಳ್ಳಿ, ವೃಷಭಾವತಿ. ಆಮೇಲೆ ಊರೇ ನಡೆದುಕೊಂಡು ಬಂತು. ನಾಗರಭಾವಿ, ಮಲ್ಲತ್ತಹಳ್ಳಿ, ಉಳ್ಳಾಲ, ಕೆಂಗೇರಿ ಉಪನಗರ, ರಾಜರಾಜೇಶ್ವರಿನಗರ, ಹೀಗೆ ಬಡಾವಣೆಗಳು ಆವರಣವನ್ನು ಸುತ್ತುವರಿದವು. ಮೈಸೂರು ರಸ್ತೆಯಿಂದ ಆ ಕಡೆಗೆ ಹೋಗಬೇಕಾದವರಿಗೆ ನಡುವೆ ಸಿಗುವ ನೆಟ್ಟಗಿನ ದಾರಿ ಯಾವುದು? ಕ್ಯಾಂಪಸ್ಸಿನ ರಸ್ತೆ. ಪ್ರೊಫೆಸರು, ವಿದ್ಯಾರ್ಥಿಗಳ ಓಡಾಟಕ್ಕೆಂದು ಹಾಕಿದ ರಸ್ತೆ ಹೀಗೆ ಇಡೀ ಪಶ್ಚಿಮ ಬೆಂಗಳೂರಿನ ಅಡ್ಡದಾರಿಯಾಯಿತು. ಯಾರೂ ತೀರ್ಮಾನ ಮಾಡಿ ಮಾಡಿದ್ದಲ್ಲ. ಯಾರೂ ತೀರ್ಮಾನ ಮಾಡದೇ ಇದ್ದುದರಿಂದ ಆದದ್ದು.

ವಿಚಿತ್ರ ಏನು ಗೊತ್ತಾ? ಈ ಕ್ಯಾಂಪಸ್ಸಿಗೆ ಸಾರಿಗೆಯ ಬರಗಾಲ ಇಲ್ಲ. ಬೆಂಗಳೂರು–ಮೈಸೂರು ರೈಲು ಮಾರ್ಗದಲ್ಲಿ ಜ್ಞಾನಭಾರತಿ ಹೆಸರಿನದೇ ನಿಲ್ದಾಣ ಇದೆ. 2021ರ ಆಗಸ್ಟ್ ಕೊನೆಯಲ್ಲಿ ನೇರಳೆ ಮಾರ್ಗದ ಮೆಟ್ರೊ ಕೆಂಗೇರಿವರೆಗೆ ಹೋದಾಗ ಮೈಸೂರು ರಸ್ತೆಯ ಮೇಲೆ ಜ್ಞಾನಭಾರತಿ ಮೆಟ್ರೊ ನಿಲ್ದಾಣವೂ ಬಂತು. ಬಿಎಂಟಿಸಿ ಬಸ್ಸುಗಳು ಮೊದಲಿನಿಂದಲೂ ಇವೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ ಟಿಕೆಟ್ ಕೂಡ ಉಚಿತ. ರೈಲು, ಮೆಟ್ರೊ, ಬಸ್ಸು, ಮೂರೂ ಬಾಗಿಲಿಗೆ ಬಂದಿರುವ ವಿಶ್ವವಿದ್ಯಾಲಯಗಳು ನಮ್ಮ ರಾಜ್ಯದಲ್ಲಿ ಎಷ್ಟಿವೆ? ಆದರೆ ಬಾಗಿಲಿಗೆ ಬಂದರೆ ಸಾಕಾ? ಬಾಗಿಲಿನಿಂದ ಬೆಂಚಿನವರೆಗೆ ಹೋಗುವುದು ಹೇಗೆ?

ಇಲ್ಲೊಂದು ಸಣ್ಣ ಲೆಕ್ಕ ಇದೆ. ಪೇಪರ್ ಪೆನ್ನು ಬೇಡ, ಮನಸ್ಸಿನಲ್ಲೇ ಮಾಡಿ.

ಮನುಷ್ಯ ಗಂಟೆಗೆ ಸುಮಾರು 5 ಕಿಲೋಮೀಟರ್ ನಡೀತಾನೆ. ಹತ್ತು ನಿಮಿಷಕ್ಕೆ 800 ಮೀಟರ್ ಅಂದುಕೊಳ್ಳಿ. ಮೆಟ್ರೊ ಇಳಿದ ಮೇಲೆ ಅದಕ್ಕಿಂತ ಹೆಚ್ಚು ನಡೆಯಬೇಕು ಅಂದರೆ ಜನ ಗೊಣಗುತ್ತಾರೆ, ಆಟೊ ಹುಡುಕುತ್ತಾರೆ, ಕೊನೆಗೆ ಸಾಲ ಮಾಡಿ ಸ್ಕೂಟರ್ ತೆಗೆದುಕೊಳ್ಳುತ್ತಾರೆ. ಈಗ ನಿಲ್ದಾಣವನ್ನು ನಡುವೆ ಇಟ್ಟು 800 ಮೀಟರಿನ ಒಂದು ವೃತ್ತ ಎಳೆಯಿರಿ. ಅದರ ವಿಸ್ತೀರ್ಣ ಸುಮಾರು 2 ಚದರ ಕಿಲೋಮೀಟರ್. 1,100 ಎಕರೆ ಅಂದರೆ ಸುಮಾರು 4.5 ಚದರ ಕಿಲೋಮೀಟರ್. ನಿಲ್ದಾಣ ಇರುವುದು ಆವರಣದ ಅಂಚಿನಲ್ಲಿ, ಹಾಗಾಗಿ ವೃತ್ತದ ಅರ್ಧ ಭಾಗ ಹೊರಗೇ ಹೋಗುತ್ತದೆ. ಉಳಿಯುವುದು 1 ಚದರ ಕಿಲೋಮೀಟರ್. ರಸ್ತೆಗಳು ಕಾಗೆ ಹಾರಿದ ಹಾಗೆ ನೇರ ಇರುವುದಿಲ್ಲವಲ್ಲ, ಅದನ್ನೂ ಕಳೆಯಿರಿ. ನೆಟ್ಟಗೆ ಹೇಳಬೇಕು ಅಂದರೆ ಕೋಟ್ಯಂತರ ರೂಪಾಯಿಯ ಮೆಟ್ರೊ ನಿಲ್ದಾಣ ಹತ್ತು ನಿಮಿಷದ ನಡಿಗೆಯಲ್ಲಿ ಕ್ಯಾಂಪಸ್ಸಿನ ಕಾಲು ಭಾಗವನ್ನೂ ಮುಟ್ಟುವುದಿಲ್ಲ.

ಈಗ ಅದೇ ಹುಡುಗಿಯ ಕೈಗೆ ಒಂದು ಸೈಕಲ್ ಕೊಡಿ. ಅವಸರ ಇಲ್ಲದೆ ತುಳಿದರೂ ಗಂಟೆಗೆ 15 ಕಿಲೋಮೀಟರ್. ಹತ್ತು ನಿಮಿಷಕ್ಕೆ ಎರಡೂವರೆ ಕಿಲೋಮೀಟರ್. ದೂರ ಮೂರು ಪಟ್ಟು ಆಯಿತು ಅಷ್ಟೇ ಅಂದುಕೊಂಡಿರಾ? ವೃತ್ತ ಹಾಗೆ ಬೆಳೆಯೋದಿಲ್ಲ. ಅದು ಸುಮಾರು ಹತ್ತು ಪಟ್ಟಾಗುತ್ತದೆ, 19 ಚದರ ಕಿಲೋಮೀಟರ್ ದಾಟುತ್ತದೆ. ಅರ್ಧ ಹೊರಗೆ ಹೋದರೂ ಉಳಿದರ್ಧದಲ್ಲಿ ಇಂಥ ಎರಡು ಕ್ಯಾಂಪಸ್ಸಿನಷ್ಟು ಜಾಗ ಸಿಗುತ್ತದೆ. ಮೆಟ್ರೊ ಮಾರ್ಗವನ್ನು ಒಂದಿಂಚೂ ಉದ್ದ ಮಾಡದೆ ಅದರ ಕೈಯನ್ನು ಹತ್ತು ಪಟ್ಟು ಉದ್ದ ಮಾಡುವ ಯಂತ್ರ ಅದು. ನಮ್ಮ ತಾತಂದಿರ ಕಾಲದ್ದು.

ಹಾಗಾದರೆ ಯಾಕೆ ಯಾರೂ ಸೈಕಲ್ ತುಳಿಯುತ್ತಿಲ್ಲ ಅಂತೀರಾ? ಈ ಪ್ರಶ್ನೆಗೆ ನಮ್ಮ ಸ್ಟುಡಿಯೋಗೆ ಬರುವ ಪರಿಣತರು ಸಾಮಾನ್ಯವಾಗಿ ‘ಜನರ ಮನೋಭಾವ ಬದಲಾಗಬೇಕು’ ಅಂತಾರೆ. ಆ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಯಾಕೆ ಅಂದರೆ, ಕರ್ನಾಟಕದಲ್ಲಿ 2006-07ರಲ್ಲಿ ಎಂಟನೇ ಕ್ಲಾಸಿನ ಮಕ್ಕಳಿಗೆ ಸರ್ಕಾರವೇ ಸೈಕಲ್ ಕೊಡುವ ಯೋಜನೆ ಶುರುವಾಯಿತು. ಹಳ್ಳಿಯಿಂದ ಹೈಸ್ಕೂಲಿಗೆ ಮೂರ್ನಾಲ್ಕು ಕಿಲೋಮೀಟರ್ ದಾರಿ, ಬಸ್ಸಿಲ್ಲ ಅಂತ ಹೆಣ್ಣುಮಕ್ಕಳನ್ನು ಏಳನೇ ಕ್ಲಾಸಿಗೇ ನಿಲ್ಲಿಸಿಬಿಡುತ್ತಿದ್ದ ಮನೆಗಳಿದ್ದವು. ಎರಡು ಜಡೆ ಹಾಕಿಕೊಂಡು, ಕ್ಯಾರಿಯರಿಗೆ ಬ್ಯಾಗು ಸಿಕ್ಕಿಸಿಕೊಂಡು ಸಾಲಾಗಿ ಸೈಕಲ್ ತುಳಿಯುತ್ತಾ ಹೋಗುತ್ತಿದ್ದ ಆ ಹುಡುಗಿಯರನ್ನು ನೀವೂ ನೋಡಿದ್ದೀರಿ, ನಾನೂ ನೋಡಿದ್ದೀನಿ. ಆ ಹುಡುಗಿಯರೇ ಓದಿ, ಡಿಗ್ರಿ ಮುಗಿಸಿ, ಎಂ.ಎ., ಎಂ.ಎಸ್ಸಿ. ಮಾಡಲು ಬೆಂಗಳೂರಿಗೆ ಬಂದರು. ಹದಿಮೂರನೇ ವಯಸ್ಸಿಗೆ ಹಳ್ಳಿಯ ಮಣ್ಣು ದಾರಿಯಲ್ಲಿ ಸೈಕಲ್ ತುಳಿದವಳು ಇಪ್ಪತ್ತೆರಡನೇ ವಯಸ್ಸಿಗೆ ರಾಜಧಾನಿಯ ಡಾಂಬರು ರಸ್ತೆಯಲ್ಲಿ ತುಳಿಯುತ್ತಿಲ್ಲ ಅಂದರೆ ಅದು ಅವಳ ಮನೋಭಾವದ ತಪ್ಪಾ? ಅವಳಿಗೆ ಹೆದರಿಕೆ. ಆ ಹೆದರಿಕೆಗೆ ಕಾರಣ ಇದೆ.

ಕಾರಣದ ಹೆಸರು ವೇಗ. ಗಂಟೆಗೆ 60 ಕಿಲೋಮೀಟರ್ ವೇಗದ ವಾಹನ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಹೋಗುತ್ತದೆ. ಎದುರಿಗೆ ಯಾರೋ ಬಂದರು ಅಂತ ಡ್ರೈವರಿಗೆ ಹೊಳೆದು, ಕಾಲು ಬ್ರೇಕಿನ ಮೇಲೆ ಬೀಳುವಷ್ಟರಲ್ಲಿ ಹೆಚ್ಚು ಕಡಿಮೆ ಒಂದು ಸೆಕೆಂಡ್ ಆಗಿರುತ್ತದೆ. ಅಂದರೆ ಬ್ರೇಕ್ ಶುರುವಾಗುವ ಮೊದಲೇ 17 ಮೀಟರ್ ಮುಗಿದುಹೋಗಿದೆ. 30ರಲ್ಲಿದ್ದರೆ ಎಂಟು ಚಿಲ್ಲರೆ ಮೀಟರ್. ಇನ್ನು ಏಟಿನ ವಿಷಯ. ವೇಗ ಎರಡು ಪಟ್ಟಾದರೆ ಏಟು ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಇದು ಹೈಸ್ಕೂಲಿನ ವಿಜ್ಞಾನ. ಇದಕ್ಕೇ 2020ರ ಫೆಬ್ರವರಿಯಲ್ಲಿ ಸ್ಟಾಕ್‌ಹೋಮಿನಲ್ಲಿ ಸೇರಿದ್ದ ದೇಶಗಳ ಸಮ್ಮೇಳನ, ನಡೆಯುವವರು, ಸೈಕಲ್ ತುಳಿಯುವವರು ವಾಹನಗಳ ಜೊತೆ ಬೆರೆಯುವ ಕಡೆ ಗರಿಷ್ಠ ವೇಗ 30 ಇರಲಿ ಅಂದಿತು. ಬೋರ್ಡು ಹಾಕಿದರೆ ನಮ್ಮ ಜನ 30ಕ್ಕೆ ಇಳಿಯೋದಿಲ್ಲ, ಅದು ನಿಮಗೂ ಗೊತ್ತು. ರಸ್ತೆಯೇ ಇಳಿಸಬೇಕು. ಕಾಲ್ನಡಿಗೆಯವರು ದಾಟುವ ಜಾಗದಲ್ಲಿ ರಸ್ತೆಯನ್ನು ಫುಟ್‌ಪಾತಿನ ಎತ್ತರಕ್ಕೆ ಏರಿಸಿದರೆ ಕಾರಿನವನು ತಾನಾಗಿಯೇ ನಿಧಾನ ಮಾಡುತ್ತಾನೆ. ಈಗ ಆಗುತ್ತಿರುವುದು ಉಲ್ಟಾ. ಕಾರು ನೆಟ್ಟಗೆ ಹೋಗುತ್ತದೆ, ಮನುಷ್ಯ ಹತ್ತಿ ಇಳಿಯುತ್ತಾನೆ.

ಫುಟ್‌ಪಾತಿನ ಮಾತೂ ಇಲ್ಲೇ ಆಗಿಹೋಗಲಿ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿ ಪ್ರಕಾರ ಅಡೆತಡೆ ಇಲ್ಲದೆ ನಡೆಯಲು ಕನಿಷ್ಠ 1.8 ಮೀಟರ್ ಅಗಲ ಬೇಕು, ಎತ್ತರ 15 ಸೆಂಟಿಮೀಟರ್ ಮೀರಬಾರದು. ಎರಡು ಗಾಲಿಕುರ್ಚಿ ಎದುರುಬದುರಾದರೂ ಹಾದುಹೋಗುವಷ್ಟು ಜಾಗ. ಟ್ರಾನ್ಸ್‌ಫಾರ್ಮರ್, ಕಂಬ, ಜಾಹೀರಾತು ಬೋರ್ಡು, ಅಗೆದಿಟ್ಟ ಚಪ್ಪಡಿ ಬಿಟ್ಟು 1.8 ಮೀಟರ್, ಅವನ್ನೂ ಸೇರಿಸಿ ಅಲ್ಲ! 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸರಿಯಾದ ಫುಟ್‌ಪಾತಿನಲ್ಲಿ ನಡೆಯುವ ಹಕ್ಕು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನಲ್ಲೇ ಸೇರಿದೆ ಅಂದಿತು. ಫುಟ್‌ಪಾತ್ ಅನ್ನೋದು ಕಾಂಟ್ರಾಕ್ಟರ್ ಬಿಲ್ಲಿನ ಒಂದು ಸಾಲು ಅಂತ ತಿಳಿದಿದ್ದವರು ಅದನ್ನು ಎರಡು ಸಲ ಓದಬೇಕು.

ಈಗ ಗೇಟಿನ ವಿಚಾರಕ್ಕೆ ವಾಪಸ್ ಬರೋಣ. ಹಳೇ ಕೋಟೆಗಳನ್ನು ನೋಡಿದವರಿಗೆ ಗೊತ್ತಿರುತ್ತೆ. ಆನೆ ಹೋಗುವಂಥ ದೊಡ್ಡ ಬಾಗಿಲು ಇರುತ್ತದೆ. ಅದರ ಮಗ್ಗುಲಲ್ಲೋ ಅದರೊಳಗೋ ಒಬ್ಬ ಮನುಷ್ಯ ಬಗ್ಗಿ ಹೋಗುವಂಥ ದಿಡ್ಡಿ ಬಾಗಿಲು. ದೊಡ್ಡ ಬಾಗಿಲು ಮುಚ್ಚಿದರೂ ದಿಡ್ಡಿಯಲ್ಲಿ ಊರಿನವರು ಓಡಾಡುತ್ತಿದ್ದರು. ನಮ್ಮ ವಿಶ್ವವಿದ್ಯಾಲಯಗಳು ಮಾಡಿಕೊಂಡಿರುವುದು ಇದರ ತದ್ವಿರುದ್ಧ. ಆನೆ ಬಾಗಿಲು ದಿನವಿಡೀ ತೆರೆದಿರುತ್ತದೆ, ಅಡ್ಡದಾರಿ ಹಿಡಿದ ಕಾರು, ಟೆಂಪೊ ಎಲ್ಲಾ ಒಳಗೆ. ನಡೆದು ಬರುವವರಿಗೆ ಮಾತ್ರ ಉದ್ದಕ್ಕೂ ಕಾಂಪೌಂಡು. ಬಸ್ ಸ್ಟಾಪು ಗೋಡೆಯ ಆಚೆ, ಡಿಪಾರ್ಟ್‌ಮೆಂಟು ಗೋಡೆಯ ಈಚೆ, ನಡುವೆ ಇಟ್ಟಿಗೆ. ಕೈ ಚಾಚಿದರೆ ಸಿಗುವ ಜಾಗಕ್ಕೆ ಒಂದು ಕಿಲೋಮೀಟರ್ ಸುತ್ತು.

ನಾನು ಓದಿದ ಕಾಲೇಜೂ ಹಾಗೇ ಇತ್ತು. ಹೆಸರು ಬೇಡ ಬಿಡಿ. ಬಸ್ಸು ಹಿಂಬದಿಯ ರಸ್ತೆಯಲ್ಲಿ ನಿಲ್ಲುತ್ತಿತ್ತು, ಗೇಟು ಮುಂಬದಿಗೆ. ಹುಡುಗರು ನಾವು ಗೋಡೆ ಹಾರುತ್ತಿದ್ದೆವು. ಒಂದು ಜಾಗದಲ್ಲಿ ಎರಡು ಇಟ್ಟಿಗೆ ಕಿತ್ತು ಮೆಟ್ಟಿಲೂ ಮಾಡಿಕೊಂಡಿದ್ದೆವು. ಪ್ರತಿ ಬೇಸಿಗೆ ರಜೆಯಲ್ಲಿ ಕಾಲೇಜಿನವರು ಆ ಇಟ್ಟಿಗೆ ತುಂಬುತ್ತಿದ್ದರು, ಪ್ರತಿ ಜೂನಿನಲ್ಲಿ ಹೊಸ ಬ್ಯಾಚು ಕೀಳುತ್ತಿತ್ತು. ಅಲ್ಲೊಂದು ಬಾಗಿಲು ಬೇಕು ಅಂತ ಮೂರು ವರ್ಷ ಆ ಗೋಡೆಯೇ ಹೇಳುತ್ತಿತ್ತು. ಯಾರಿಗೂ ಕೇಳಿಸಲಿಲ್ಲ. ಹೆಣ್ಣುಮಕ್ಕಳು? ಅವರು ಸುತ್ತಿಕೊಂಡೇ ಬರುತ್ತಿದ್ದರು, ಅರ್ಧಂಬರ್ಧ ಮೊದಲ ಪೀರಿಯಡ್ಡು ತಪ್ಪಿಸಿಕೊಂಡು. ಅವರು ಹಾಜರಿ ಕೊರತೆಗೆ ದಂಡ ಕಟ್ಟುವಾಗ ನಾವು ನಗುತ್ತಿದ್ದೆವು. ಈಗ ನೆನೆದರೆ ನಾಚಿಕೆಯಾಗುತ್ತದೆ.

ದಿಡ್ಡಿ ಬಾಗಿಲು ಅಂದರೆ ಇಷ್ಟೇ. ಬಸ್ ಸ್ಟಾಪು, ರೈಲು ನಿಲ್ದಾಣ, ಪಕ್ಕದ ಬಡಾವಣೆ ಎಲ್ಲೆಲ್ಲಿ ಗೋಡೆಗೆ ತಾಗುತ್ತದೋ ಅಲ್ಲಲ್ಲಿ ನಡೆಯುವವರಿಗೂ ಸೈಕಲ್ಲಿಗೂ ಒಂದೊಂದು ಸಣ್ಣ ಗೇಟು. ಕಾರು ನುಗ್ಗದ ಹಾಗೆ ನಡುವೆ ಎರಡು ಗೂಟ. ಒಬ್ಬ ಕಾವಲುಗಾರ, ಒಂದು ದೀಪ. ಬಸ್ಸಿಗೆ ದೊಡ್ಡ ಗೇಟು ತೆರೆದೇ ಇರಲಿ, ಅದರಲ್ಲಿ ಬರುವವರು ಇಲ್ಲಿಗೇ ಬರುವವರು. ಆಂಬ್ಯುಲೆನ್ಸಿಗೂ ಇರಲಿ. ಸುಮ್ಮನೆ ಈ ಕಡೆಯಿಂದ ಆ ಕಡೆಗೆ ದಾಟಿಹೋಗುವ ಕಾರಿಗೆ ಮಾತ್ರ ಸುತ್ತಿನ ದಾರಿ.

ಇಲ್ಲಿ ನಮ್ಮ ಚರ್ಚೆಯ ಹಿರಿಯರಿಗೆ ಅನ್ಯಾಯ ಆಗುತ್ತಾ? ಆಗುತ್ತೆ, ಸ್ವಲ್ಪ. ಸುಳ್ಳು ಯಾಕೆ ಹೇಳಲಿ. ಅವರ ಕಾರು ಹತ್ತು ನಿಮಿಷ ಹೆಚ್ಚು ಓಡಬೇಕಾಗಬಹುದು. ರಿಂಗ್ ರೋಡಿನ ದಟ್ಟಣೆಯೂ ಹೆಚ್ಚಬಹುದು. ಅದಕ್ಕೇ ರಾತ್ರೋರಾತ್ರಿ ಬೀಗ ಜಡಿಯುವುದು ಬೇಡ. ಮೊದಲು ತರಗತಿ ನಡೆಯುವ ಹೊತ್ತಿಗೆ ಮಾತ್ರ ತಡೆದು, ಒಂದೆರಡು ತಿಂಗಳು ಎಣಿಸಿ ನೋಡಬಹುದು. ಆದರೆ ಅವರ ಮನೆಯ ಸೊಸೆ, ಮೊಮ್ಮಗಳು ಮೆಟ್ರೊ ಹಿಡಿಯಲು ಕ್ಯಾಂಪಸ್ಸಿನ ಮರಗಳ ನೆರಳಿನಲ್ಲಿ ನಡೆದೋ ಸೈಕಲ್ಲಿನಲ್ಲೋ ಹೋಗುವ ದಾರಿ ಅವರಿಗೇ ಹೊಸದಾಗಿ ಸಿಗುತ್ತದೆ. ಬೇಲಿ ಹಾಕಿ ಊರನ್ನು ಹೊರಗಿಡುವುದಕ್ಕೂ ಇದಕ್ಕೂ ವ್ಯತ್ಯಾಸ ಇದೆ. ಐಐಟಿ ಮದ್ರಾಸಿನಲ್ಲಿ ವಿದ್ಯಾರ್ಥಿಗಳ ಓಡಾಟವೆಲ್ಲ ಸೈಕಲ್ಲಿನಲ್ಲಿ, ಇಲ್ಲವೇ ಒಳಗೇ ಓಡುವ ಬಸ್ಸಿನಲ್ಲಿ. ನಮ್ಮ ಐಐಎಸ್‌ಸಿಯಲ್ಲಿ ಮರದ ಕೆಳಗೆ ನಿಂತ ಸೈಕಲ್ಲುಗಳ ಸಾಲು ನೋಡುವುದೇ ಒಂದು ಚೆಂದ. ಆದರೆ ಅವು ಹೆಚ್ಚಿನವರು ಒಳಗೇ ವಾಸ ಮಾಡುವ ಸಂಸ್ಥೆಗಳು. ದಿನಾ ಬೆಳಿಗ್ಗೆ ರಾಮನಗರದಿಂದ, ಮಾಗಡಿಯಿಂದ ಬಂದುಹೋಗುವ ಮಕ್ಕಳಿರುವ ವಿಶ್ವವಿದ್ಯಾಲಯಕ್ಕೆ ಅವುಗಳ ನಕಲು ಸಾಲದು. ಇಲ್ಲಿ ಸೈಕಲ್ಲು ನಿಲ್ದಾಣದಲ್ಲೇ ಸಿಗಬೇಕು.

ಅದಕ್ಕೆ ಉದಾಹರಣೆ ಮೈಸೂರಿನಲ್ಲೇ ಇದೆ. 2017ರ ಜೂನಿನಲ್ಲಿ ಅಲ್ಲಿ ‘ಟ್ರಿಣ್ ಟ್ರಿಣ್’ ಶುರುವಾಯಿತು. 450 ಸೈಕಲ್ಲು, ಊರ ತುಂಬ ತಂಗುದಾಣಗಳು. ಕಾರ್ಡು ತೋರಿಸಿ ಒಂದು ಕಡೆ ತೆಗೆದುಕೊಳ್ಳಿ, ಇನ್ನೊಂದು ಕಡೆ ಬಿಡಿ. ಇದನ್ನು ಮಾಡಲು ಹೊರಟವರು ಒಂದು ವಿಷಯ ನೆನಪಿಡಬೇಕು. ಬೆಳಿಗ್ಗೆ ಒಂಬತ್ತಕ್ಕೆ ಎಲ್ಲರೂ ನಿಲ್ದಾಣದಿಂದ ಒಳಗೆ ಹೋಗುತ್ತಾರೆ, ಸಂಜೆ ನಾಲ್ಕಕ್ಕೆ ಎಲ್ಲರೂ ಹೊರಗೆ ಬರುತ್ತಾರೆ. ಹತ್ತು ಗಂಟೆಗೆ ನಿಲ್ದಾಣದ ಸ್ಟ್ಯಾಂಡು ಖಾಲಿ, ಲೈಬ್ರರಿ ಮುಂದೆ ರಾಶಿ. ಖಾಲಿ ಸ್ಟ್ಯಾಂಡು ಎರಡು ದಿನ ನೋಡಿದವನು ಮೂರನೇ ದಿನ ಬರೋದಿಲ್ಲ. ಸೈಕಲ್ ಕೊಳ್ಳುವುದು ಸುಲಭ. ರಿಬ್ಬನ್ ಕತ್ತರಿಸಿ ನಮ್ಮ ಕ್ಯಾಮೆರಾ ಮುಂದೆ ಒಂದು ಸುತ್ತು ಹೊಡೆಯುವುದು ಇನ್ನೂ ಸುಲಭ. ದಿನಾ ಅವನ್ನು ಲಾರಿಯಲ್ಲಿ ಹೊತ್ತು ವಾಪಸ್ ಸ್ಟ್ಯಾಂಡಿಗೆ ತರುವುದು, ಪಂಕ್ಚರ್ ಹಾಕುವುದು, ಚೈನಿಗೆ ಎಣ್ಣೆ ಬಿಡುವುದು ಇದೆಯಲ್ಲ, ಕೆಲಸ ಇರುವುದು ಅಲ್ಲಿ, ಖರ್ಚು ಇರುವುದೂ ಅಲ್ಲಿ.

ಬಸ್ಸಿನದೂ ಅಷ್ಟೇ. ಇಪ್ಪತ್ತು ನಿಮಿಷಕ್ಕೊಂದು ಬಸ್ಸು ಅಂದರೆ ಸರಾಸರಿ ಕಾಯುವುದು ಹತ್ತು ನಿಮಿಷ. ಹತ್ತಕ್ಕೊಂದು ಬಂದರೆ ಐದು. ಎರಡು ಕಿಲೋಮೀಟರಿನ ದಾರಿಗೆ ಹತ್ತು ನಿಮಿಷ ಯಾರು ಕಾಯುತ್ತಾರೆ? ಇಲ್ಲಿಗೆ ಬೇಕಾದದ್ದು ಉದ್ದದ ದೊಡ್ಡ ಬಸ್ಸಲ್ಲ, ನಿಲ್ದಾಣಕ್ಕೂ ಡಿಪಾರ್ಟ್‌ಮೆಂಟುಗಳಿಗೂ ಪದೇ ಪದೇ ಸುತ್ತು ಹಾಕುವ ಸಣ್ಣ ಬಸ್ಸು. ಅದು ಮೆಟ್ರೊ ಮೆಟ್ಟಿಲಿನ ಬುಡದಲ್ಲೇ ನಿಲ್ಲಬೇಕು. ಹತ್ತುವವರು ಇಳಿಯುವವರು ನುಗ್ಗದೆ ನಿಲ್ಲಲು ಕಟ್ಟೆ ಇರಬೇಕು, ಕಟ್ಟೆಗೆ ಒತ್ತಿ ಬಸ್ಸು ನಿಲ್ಲಬೇಕು. ಓಡುತ್ತಿರುವ ಬಸ್ಸಿನ ಹಿಂದೆ ಓಡಿ ಹತ್ತುವ ಪದ್ಧತಿ ನಿಲ್ಲಬೇಕಾದರೆ ಮುಂದಿನ ಬಸ್ಸು ಐದೇ ನಿಮಿಷಕ್ಕೆ ಬರುತ್ತದೆ ಅನ್ನೋ ನಂಬಿಕೆ ಮೊದಲು ಬರಬೇಕು.

ಆ ಚರ್ಚೆಯ ನಂತರ ಒಂದು ಪತ್ರ ಬಂತು. ಬರೆದವಳು ಬೇರೆ ಊರಿನ, ಬೇರೊಂದು ವಿಶ್ವವಿದ್ಯಾಲಯದ ಹುಡುಗಿ. ಯಾವ ಊರು ಅಂತ ಹೇಳಬೇಡಿ ಅಂದಿದ್ದಾಳೆ. "ಸರ್, ನಮ್ಮ ಲೈಬ್ರರಿ ರಾತ್ರಿ ಎಂಟರವರೆಗೂ ತೆಗೆದಿರುತ್ತೆ. ನಾನು ಐದೂವರೆಗೇ ಎದ್ದು ಬರ್ತೀನಿ. ಕತ್ತಲಾದ ಮೇಲೆ ಬಸ್ ಸ್ಟಾಪಿನವರೆಗೆ ದೀಪ ಇಲ್ಲ, ಜನ ಇಲ್ಲ. ಅಪ್ಪ ಒಪ್ಪಲ್ಲ. ನೆಟ್ ಪರೀಕ್ಷೆಗೆ ಓದ್ತಿದೀನಿ. ಪುಸ್ತಕ ಕೊಂಡುಕೊಳ್ಳೋ ಶಕ್ತಿ ಇಲ್ಲ." ದಿನಕ್ಕೆ ಎರಡೂವರೆ ಗಂಟೆ. ವಾರಕ್ಕೆ ಐದು ದಿನ ಅಂದುಕೊಂಡರೆ ಹನ್ನೆರಡೂವರೆ ಗಂಟೆ. ಸ್ಕೂಟರ್ ಇರುವ ಅವಳ ಸಹಪಾಠಿ ಆ ಹನ್ನೆರಡೂವರೆ ಗಂಟೆ ಓದುತ್ತಾನೆ. ಅದೇ ಪರೀಕ್ಷೆ, ಅದೇ ಕಟ್ ಆಫ್. ನಾವು ಇದನ್ನು ಸಂಚಾರ ಸಮಸ್ಯೆ ಅಂತ ಟ್ರಾಫಿಕ್ ಬೀಟಿನ ವರದಿಗಾರನಿಗೆ ಕೊಡುತ್ತೇವೆ. ಶಿಕ್ಷಣದ ಬೀಟಿನವನಿಗೂ ಕೊಡಬೇಕಾಗಿತ್ತು.

ಹಾಗಾದರೆ ಮಾಡಬೇಕಾದವರು ಯಾರು? ಕ್ಯಾಂಪಸ್ಸಿನ ಜಾಗ ವಿಶ್ವವಿದ್ಯಾಲಯದ್ದು. ಗೇಟಿನಾಚೆಯ ಫುಟ್‌ಪಾತು ಪಾಲಿಕೆಯದ್ದು. ನಿಲ್ದಾಣ ಮೆಟ್ರೊ ನಿಗಮದ್ದು, ಇನ್ನೊಂದು ನಿಲ್ದಾಣ ರೈಲ್ವೆಯದ್ದು, ಬಸ್ಸು ಬಿಎಂಟಿಸಿಯದ್ದು, ಸಿಗ್ನಲ್ಲು ಸಂಚಾರ ಪೊಲೀಸರದ್ದು, ದೀಪದ ಕಂಬಕ್ಕೆ ಕರೆಂಟು ಬೆಸ್ಕಾಂನದ್ದು. ಒಂದೂವರೆ ಕಿಲೋಮೀಟರಿಗೆ ಏಳು ಯಜಮಾನರು. ಒಬ್ಬ ಹುಡುಗಿ ಒಂದೇ ಪ್ರಯಾಣ ಅಂತ ತಿಳಿದು ಮಾಡುವುದನ್ನು ಇವರು ಏಳು ಫೈಲು ಮಾಡಿಕೊಂಡಿದ್ದಾರೆ. ಇವರನ್ನೆಲ್ಲ ಒಂದು ಮೇಜಿನ ಸುತ್ತ ಕೂರಿಸಲೆಂದೇ ಬೆಂಗಳೂರು ಮಹಾನಗರ ಭೂ ಸಾರಿಗೆ ಪ್ರಾಧಿಕಾರದ ಕಾಯ್ದೆ 2022ರಲ್ಲಿ ವಿಧಾನಮಂಡಲದಲ್ಲಿ ಅಂಗೀಕಾರವಾಯಿತು. ಮೇಲುಸೇತುವೆ, ಸುರಂಗ ರಸ್ತೆಯ ದೊಡ್ಡ ದೊಡ್ಡ ಮಾತುಗಳ ನಡುವೆ ಆ ಮೇಜಿನ ಮೇಲೆ ಒಂದು ಸಣ್ಣ ನಕ್ಷೆಯನ್ನೂ ಬಿಚ್ಚಲಿ. ಮೆಟ್ರೊ ಮೆಟ್ಟಿಲಿನಿಂದ ತರಗತಿಯ ಮೆಟ್ಟಿಲಿನವರೆಗಿನ ನಕ್ಷೆ.

ನಮ್ಮ ವರದಿಗಾರರಿಗೆ ನಾನು ಒಂದು ಕೆಲಸ ಒಪ್ಪಿಸಿದ್ದೇನೆ. ಮುಂದಿನ ಸಲ ಯಾವುದೇ ವಿಶ್ವವಿದ್ಯಾಲಯಕ್ಕೆ ಸುದ್ದಿಗೆ ಹೋದರೂ ಕಚೇರಿ ಕಾರಿನಲ್ಲಿ ಹೋಗಬಾರದು. ಬಸ್ಸಿನಲ್ಲೋ ರೈಲಿನಲ್ಲೋ ಹೋಗಿ, ಸಂಜೆ ಏಳಕ್ಕೆ ಲೈಬ್ರರಿಯಿಂದ ನಿಲ್ದಾಣಕ್ಕೆ ನಡೆದು ಬರಬೇಕು. ಎಷ್ಟು ನಿಮಿಷವಾಯಿತು, ಎಷ್ಟು ದೀಪ ಉರಿಯುತ್ತಿತ್ತು, ಎಷ್ಟು ಸಲ ರಸ್ತೆಗಿಳಿಯಬೇಕಾಯಿತು, ಬರೆದುಕೊಂಡು ಬರಬೇಕು. ಮೊನ್ನೆ ಒಬ್ಬ ಹುಡುಗ ಬಂದು ಕೇಳಿದ, "ಸಾರ್, ಕ್ಯಾಮೆರಾ ಹೊತ್ಕೊಂಡು ಅಷ್ಟು ದೂರ ನಡೆಯೋದು ಹೇಗೆ?" ಅದನ್ನೇ ಮೊದಲ ಸಾಲಾಗಿ ಬರಿ ಅಂದೆ.